ಲ್ಯಾಪ್‌ಟಾಪ್‌ನಲ್ಲೇ ಒಂದು ಬ್ಲಾಕ್‌ಚೈನ್: ಡಾಕರ್ ಒಳಗೆ ಆನ್ವಿಲ್ ಓಡಿಸೋಣ

ಸ್ಮಾರ್ಟ್ ಕಾಂಟ್ರ್ಯಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಕಲಿಯಲು ಹೊರಟವರು ಮೊದಲ ವಾರ ಕೋಡ್ ಬರೆಯುವುದು ಕಡಿಮೆ, ಫಾಸೆಟ್‌ಗಳ (ಟೆಸ್ಟ್ ಹಣ ಪುಕ್ಕಟೆ ಹಂಚುವ ಸೈಟ್‌ಗಳ) ಮುಂದೆ ಕ್ಯೂ ನಿಲ್ಲುವುದೇ ಜಾಸ್ತಿ. ಈಥೀರಿಯಂನ ಸೆಪೋಲಿಯಾ ಟೆಸ್ಟ್‌ನೆಟ್‌ಗೆ (ಪರೀಕ್ಷೆಗೆ ಅಂತಲೇ ಇರುವ ಚೈನ್‌ಗೆ) ಚೂರು ಈಥರ್, ಅಂದರೆ ಅಲ್ಲಿನ ಹಣ, ಬೇಕು ಅಂತ ಒಂದೊಂದು ಸೈಟ್‌ಗೂ ಲಾಗಿನ್ ಆಗೋದು, ಸಿಕ್ಕ ಪುಡಿಗಾಸು ನಾಲ್ಕು ಡಿಪ್ಲಾಯ್‌ಗೆ (ಕಾಂಟ್ರ್ಯಾಕ್ಟನ್ನು ಚೈನ್ ಮೇಲೆ ಹಾಕುವುದಕ್ಕೆ) ಖಾಲಿಯಾಗೋದು, ನಾಳೆ ಬನ್ನಿ ಅನ್ನಿಸಿಕೊಂಡು ವಾಪಸ್ ಬರೋದು. ಇದೆಲ್ಲ ಬೇಕಾಗಿಯೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ಪುಟ್ಟ ಈಥೀರಿಯಂ ಓಡಿಸಬಹುದು. ಅದರಲ್ಲಿ ನೀವೇ ಕುಬೇರರು. ಕೆಡಿಸಿಕೊಂಡರೆ ಅಳಿಸಿ, ಒಂದು ನಿಮಿಷದಲ್ಲಿ ಇನ್ನೊಂದು ಎಬ್ಬಿಸಬಹುದು.

ಇಲ್ಲಿ ಹೇಳುವುದು ಅದನ್ನು ಡಾಕರ್ ಕಂಟೇನರ್ ಒಳಗೆ ಹೇಗೆ ಕೂರಿಸುವುದು ಅಂತ. ಕಂಟೇನರ್ ಅಂದರೆ ಒಂದು ಪ್ರೋಗ್ರಾಂ ತನಗೆ ಬೇಕಾದ್ದನ್ನೆಲ್ಲ ಜೊತೆಗಿಟ್ಟುಕೊಂಡು ಬೇರೆಯಾಗಿ ಓಡುವ ಪೆಟ್ಟಿಗೆ, ಡಾಕರ್ ಅದನ್ನು ಓಡಿಸುವ ಸಾಧನ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮ್ಯಾಂಡ್‌ಗಳನ್ನು ಫೋನಿನಲ್ಲಿ ಗೆಳೆಯನಿಗೆ ಓದಿ ಹೇಳುವ ಹಾಗೆ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಕಾಪಿ ಪೇಸ್ಟ್ ಆಗಲ್ಲ, ಆದರೆ ಕೈಯಲ್ಲಿ ಹೊಡೆದದ್ದು ತಲೆಯಲ್ಲಿ ಉಳಿಯುತ್ತದೆ.

ಯಾಕೆ ಆನ್ವಿಲ್, ಯಾಕೆ ಡಾಕರ್

ಹಳೆಯ ಪಾಠಗಳಲ್ಲಿ ಎಲ್ಲ ಕಡೆ ಗನಾಶ್ (ಲೋಕಲ್ ಚೈನ್) ಮತ್ತು ಟ್ರಫಲ್ (ಕಾಂಟ್ರ್ಯಾಕ್ಟ್ ಬರೆಯುವ ಸಲಕರಣೆ) ಹೆಸರೇ ಕಾಣುತ್ತದೆ. ಅವೆರಡನ್ನೂ ನಿಲ್ಲಿಸುವುದಾಗಿ ಅವುಗಳ ಕಂಪನಿ ಕನ್ಸೆನ್ಸಿಸ್ 2023ರ ಸೆಪ್ಟೆಂಬರ್‌ನಲ್ಲೇ ಹೇಳಿತು. ಹೊಸದಾಗಿ ಶುರು ಮಾಡುವವರು ಆ ದಾರಿ ಹಿಡಿಯಬೇಡಿ. ಈಗ ಇರುವ ಎರಡು ಒಳ್ಳೆಯ ಆಯ್ಕೆಗಳು ಹಾರ್ಡ್‌ಹ್ಯಾಟ್ ಮತ್ತು ಫೌಂಡ್ರಿ. ಜಾವಾಸ್ಕ್ರಿಪ್ಟ್‌ನಲ್ಲೇ ಮುಳುಗಿರುವವರಿಗೆ ಹಾರ್ಡ್‌ಹ್ಯಾಟ್ ಹಿತ. ನನಗೆ ಫೌಂಡ್ರಿ ಇಷ್ಟ, ಯಾಕೆಂದರೆ ಬೇಗ ಓಡುತ್ತದೆ ಮತ್ತು ಟೆಸ್ಟ್‌ಗಳನ್ನೂ ಕಾಂಟ್ರ್ಯಾಕ್ಟ್ ಬರೆಯುವ ಭಾಷೆಯಾದ ಸಾಲಿಡಿಟಿಯಲ್ಲೇ ಬರೆಯಬಹುದು. ಹೆಸರುಗಳೂ ಚೆನ್ನಾಗಿವೆ: ಫೌಂಡ್ರಿ ಅಂದರೆ ಎರಕದ ಮನೆ, ಫೋರ್ಜ್ ಅಂದರೆ ಕುಲುಮೆ, ಆನ್ವಿಲ್ ಅಂದರೆ ಕಮ್ಮಾರ ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಅಡಿಗಲ್ಲು. ಫೋರ್ಜ್ ಕಾಂಟ್ರ್ಯಾಕ್ಟ್ ಕಂಪೈಲ್ ಮಾಡುತ್ತದೆ, ಟೆಸ್ಟ್ ಓಡಿಸುತ್ತದೆ. ಕಾಸ್ಟ್ ಎಂಬುದು ಚೈನ್ ಜೊತೆ ಮಾತಾಡುವ ಸಾಧನ. ಆನ್ವಿಲ್ಲೇ ನಮ್ಮ ಲೋಕಲ್ ಚೈನ್.

ಹಾಗಾದರೆ ನೇರವಾಗಿ ಇನ್‌ಸ್ಟಾಲ್ ಮಾಡಿಕೊಂಡರೆ ಸಾಲದಾ? ನೀವೊಬ್ಬರೇ ಇದ್ದು, ಬರೀ ಕಾಂಟ್ರ್ಯಾಕ್ಟ್ ಬರೆಯುತ್ತಿದ್ದರೆ ಖಂಡಿತ ಸಾಕು. ಡಾಕರ್ ಬೇಕಾಗುವುದು ತಂಡ ಆದಾಗ. ಒಬ್ಬರದ್ದು ವಿಂಡೋಸ್, ಒಬ್ಬರದ್ದು ಉಬುಂಟು, ಇನ್ನೊಬ್ಬರದ್ದು ಮ್ಯಾಕ್. ಒಬ್ಬರ ಬಳಿ ಹಳೆ ವರ್ಷನ್, ಇನ್ನೊಬ್ಬರ ಬಳಿ ಹೊಸದು. ಚೈನ್ ಜೊತೆಗೆ ಡೇಟಾಬೇಸ್, ಬ್ಯಾಕೆಂಡ್, ಫ್ರಂಟೆಂಡ್ ಎಲ್ಲ ಒಟ್ಟಿಗೆ ಏಳಬೇಕು. ಆಗ ಒಂದೇ ಫೈಲ್, ಒಂದೇ ಕಮ್ಯಾಂಡ್ ಅನ್ನುವುದು ದೊಡ್ಡ ನೆಮ್ಮದಿ.

ಡಾಕರ್ ತಯಾರಿ

ಇದನ್ನು ಬೇಗ ಮುಗಿಸೋಣ. ವಿಂಡೋಸ್‌ನಲ್ಲಿ ಡಬ್ಲ್ಯುಎಸ್ಎಲ್ 2 (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಡಾಕರ್ ಡೆಸ್ಕ್‌ಟಾಪ್ ಹಾಕಿ. ಪ್ರಾಜೆಕ್ಟ್ ಫೋಲ್ಡರ್ ಮಾತ್ರ ಸಿ ಡ್ರೈವ್‌ನಲ್ಲಿ ಇಡಬೇಡಿ, ಲಿನಕ್ಸ್ ಕಡೆಯ ಹೋಮ್ ಫೋಲ್ಡರ್‌ನಲ್ಲೇ ಇಡಿ. ಇಲ್ಲದಿದ್ದರೆ ಫೈಲ್ ಓದುವುದೇ ನಿಧಾನ, ಫೈಲ್ ಬದಲಾದದ್ದು ಒಳಗಿನ ಕಂಟೇನರ್‌ಗೆ ಗೊತ್ತೂ ಆಗುವುದಿಲ್ಲ. ಉಬುಂಟುವಿನಲ್ಲಿ ಡಾಕರ್ ಎಂಜಿನ್ ಮತ್ತು ಕಂಪೋಸ್ ಪ್ಲಗಿನ್ (ಹಲವು ಕಂಟೇನರ್‌ಗಳನ್ನು ಒಂದೇ ಫೈಲ್‌ನಿಂದ ಎಬ್ಬಿಸುವ ಸಾಧನ) ಹಾಕಿ, ನಿಮ್ಮ ಯೂಸರ್ ಹೆಸರನ್ನು ಡಾಕರ್ ಗುಂಪಿಗೆ ಸೇರಿಸಿ, ಆಮೇಲೆ ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಆ ಲಾಗೌಟ್ ಮರೆತು, ಪ್ರತಿ ಕಮ್ಯಾಂಡ್‌ಗೂ ಸುಡೋ (ಅಡ್ಮಿನ್ ಅಧಿಕಾರ) ಹಾಕುತ್ತಾ ವರ್ಷ ಕಳೆದವರನ್ನು ನೋಡಿದ್ದೇನೆ.

ಇನ್ನೊಂದು: ಡಾಕರ್ ಮತ್ತು ಕಂಪೋಸ್ ನಡುವೆ ಈಗ ಹೈಫನ್ ಇಲ್ಲ, ಬರೀ ಸ್ಪೇಸ್. ಹೈಫನ್ ಇರುವ ಹಳೆಯ ಕಮ್ಯಾಂಡ್‌ಗೆ ಬೆಂಬಲ 2023ರಲ್ಲೇ ಮುಗಿದಿದೆ. ಕಂಪೋಸ್ ಫೈಲ್‌ನ ಮೇಲ್ತುದಿಯಲ್ಲಿ ವರ್ಷನ್ ಅಂತ ಬರೆಯುವುದೂ ಈಗ ಬೇಡ.

ಮೊದಲ ಸಲ ಎಬ್ಬಿಸುವುದು, ಮೊದಲ ಸಲ ಬೀಳುವುದು

ಫೌಂಡ್ರಿಯ ಅಧಿಕೃತ ಇಮೇಜ್ (ಕಂಟೇನರ್ ಮಾಡುವ ಅಚ್ಚು) ಗಿಟ್‌ಹಬ್‌ನ ರಿಜಿಸ್ಟ್ರಿಯಲ್ಲಿದೆ. ವಿಳಾಸ ಜಿಎಚ್‌ಸಿಆರ್ ಡಾಟ್ ಐಓ, ಸ್ಲ್ಯಾಶ್, ಫೌಂಡ್ರಿ ಹೈಫನ್ ಆರ್‌ಎಸ್, ಸ್ಲ್ಯಾಶ್, ಫೌಂಡ್ರಿ. ಕೊನೆಗೆ ಕೋಲನ್ ಹಾಕಿ ಸ್ಟೇಬಲ್ ಅನ್ನುವ ಟ್ಯಾಗ್ ಕೊಡಿ. ತಂಡಕ್ಕಾದರೆ ನಿರ್ದಿಷ್ಟ ವರ್ಷನ್ ನಂಬರ್ ಕೊಡುವುದು ಇನ್ನೂ ವಾಸಿ. ಮುಂದೆ ಇದನ್ನು ಸುಮ್ನೆ "ಇಮೇಜ್" ಅಂತ ಕರೆಯುತ್ತೇನೆ.

ಎಲ್ಲರೂ ಮೊದಲು ಹೊಡೆಯುವ ಕಮ್ಯಾಂಡ್ ಇದು (-ಪಿ ಅಂದರೆ ಕಂಟೇನರ್‌ನ 8545 ಪೋರ್ಟನ್ನು ಲ್ಯಾಪ್‌ಟಾಪ್‌ನ 8545ಕ್ಕೆ ಜೋಡಿಸು ಅಂತ):

ಡಾಕರ್ ರನ್ -ಪಿ 8545:8545 ಇಮೇಜ್ ಆನ್ವಿಲ್

ಪರದೆ ತುಂಬ ಅಕ್ಷರ ಉರುಳುತ್ತವೆ. ಹತ್ತು ಅಕೌಂಟ್‌ಗಳು, ಒಂದೊಂದರಲ್ಲೂ 10,000 ಈಥರ್, ಅವುಗಳ ಪ್ರೈವೇಟ್ ಕೀಗಳು (ಸಹಿ ಹಾಕುವ ಗುಟ್ಟಿನ ಸಂಖ್ಯೆಗಳು), ಚೈನ್‌ನ ಗುರುತಿನ ಸಂಖ್ಯೆ ಅಂದರೆ ಚೈನ್ ಐಡಿ 31337. ಈ ಸಂಖ್ಯೆ ಹ್ಯಾಕರ್‌ಗಳ ತಮಾಷೆ, ಎಲೀಟ್ ಅನ್ನುವ ಪದವನ್ನು ಅಂಕಿಗಳಲ್ಲಿ ಬರೆದದ್ದು. ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಬ್ರೌಸರ್‌ನಿಂದ ಅಥವಾ ಇನ್ನೊಂದು ಟರ್ಮಿನಲ್‌ನಿಂದ 8545ಕ್ಕೆ ಮಾತಾಡಿಸಿದರೆ ಮಾತ್ರ ಉತ್ತರ ಇಲ್ಲ.

ಲಾಗ್‌ನ ಕೊನೆಯ ಸಾಲು ನೋಡಿ. "ಲಿಸನಿಂಗ್ ಆನ್ 127.0.0.1:8545" ಅಂತ ಇರುತ್ತದೆ. ಎಲ್ಲ ಅದರಲ್ಲೇ ಇದೆ.

127.0.0.1, ಅಂದರೆ ಲೋಕಲ್‌ಹೋಸ್ಟ್ ಅನ್ನುವುದು "ನಾನು" ಅನ್ನುವ ಪದ ಇದ್ದ ಹಾಗೆ. ಯಾರು ಹೇಳುತ್ತಾರೋ ಅವರೇ ಅದರ ಅರ್ಥ. ನೀವು ನಾನು ಅಂದರೆ ನೀವು, ನಿಮ್ಮ ತಮ್ಮ ನಾನು ಅಂದರೆ ಅವನು. ಕಂಟೇನರ್ ಒಳಗೆ ಕೂತ ಆನ್ವಿಲ್ "ನನ್ನ ಮಾತನ್ನು ಮಾತ್ರ ಕೇಳುತ್ತೇನೆ" ಅಂದರೆ, ಆ ಕಂಟೇನರ್‌ನ ಹೊರಗಿನ ಯಾರ ಮಾತನ್ನೂ ಅದು ಕೇಳುವುದಿಲ್ಲ, ಅದನ್ನು ಓಡಿಸುತ್ತಿರುವ ನಿಮ್ಮ ಲ್ಯಾಪ್‌ಟಾಪ್‌ನ ಮಾತನ್ನೂ ಕೂಡ. ಇದೊಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಕೆಲಸದಲ್ಲಿ ನಾನು ಕಳೆದುಕೊಂಡ ಗಂಟೆಗಳಲ್ಲಿ ಜಾಸ್ತಿ ಪಾಲು ಬ್ಲಾಕ್‌ಚೈನ್‌ನದ್ದಲ್ಲ, "ನಾನು" ಅಂದವರು ಯಾರು ಅನ್ನುವ ಗೊಂದಲದ್ದು.

ಆನ್ವಿಲ್‌ಗೆ ಎಲ್ಲರ ಮಾತನ್ನೂ ಕೇಳು ಅಂತ ಹೇಳಬೇಕು. ಅದಕ್ಕೆ --ಹೋಸ್ಟ್ 0.0.0.0 ಅನ್ನುವ ಆಯ್ಕೆ ಇದೆ. ಸರಿ, ಸೇರಿಸೋಣ:

ಡಾಕರ್ ರನ್ -ಪಿ 8545:8545 ಇಮೇಜ್ ಆನ್ವಿಲ್ --ಹೋಸ್ಟ್ 0.0.0.0

ಇದೂ ಕೆಲಸ ಮಾಡುವುದಿಲ್ಲ! ನಾನು ಒಂದು ಶನಿವಾರ ಮಧ್ಯಾಹ್ನ ಊಟ ಮುಗಿಸಿ ಕೂತವನು ಸಂಜೆ ಕಾಫಿ ಹೊತ್ತಿಗೂ ಇಲ್ಲೇ ಇದ್ದೆ. ಫೈರ್‌ವಾಲ್ ತೆಗೆದೆ, ಡಾಕರ್ ಮತ್ತೆ ಇನ್‌ಸ್ಟಾಲ್ ಮಾಡಿದೆ, ವೈಫೈ ರೂಟರ್‌ನ ಮೇಲೂ ಅನುಮಾನ ಬಂತು. ಲಾಗ್‌ನ ಕೊನೆಯ ಸಾಲು ಮಾತ್ರ ಹಠ ಹಿಡಿದವರ ಹಾಗೆ 127.0.0.1 ಅಂತಲೇ ಹೇಳುತ್ತಿತ್ತು.

ಕಾರಣ ಇಷ್ಟೇ. ಈ ಇಮೇಜ್‌ನ ಎಂಟ್ರಿಪಾಯಿಂಟ್ (ಕಂಟೇನರ್ ಎದ್ದಾಗ ಮೊದಲು ಓಡುವ ಪ್ರೋಗ್ರಾಂ) ಆನ್ವಿಲ್ ಅಲ್ಲ, ಕಮ್ಯಾಂಡ್ ಓದಿ ಓಡಿಸುವ ಶೆಲ್. ಶೆಲ್‌ಗೆ -ಸಿ ಆಯ್ಕೆ ಹಾಕಿ ಇಟ್ಟಿದ್ದಾರೆ. ಹಾಗೆ ಇಟ್ಟಾಗ ಶೆಲ್ ತನ್ನ ಮುಂದಿನ ಒಂದೇ ಒಂದು ಪದವನ್ನು ಕಮ್ಯಾಂಡ್ ಅಂತ ತೆಗೆದುಕೊಳ್ಳುತ್ತದೆ. ಆನ್ವಿಲ್ ಅನ್ನುವ ಪದ ಓಡುತ್ತದೆ, ಅದರ ನಂತರದ --ಹೋಸ್ಟ್ ಮತ್ತು 0.0.0.0 ಎರಡೂ ಆನ್ವಿಲ್‌ಗೆ ತಲುಪುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ, ಅದೇ ಕಷ್ಟ. ಪರಿಹಾರ ಎರಡು. ಇಡೀ ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಒಂದೇ ಪದದ ಹಾಗೆ ಕೊಡಿ:

ಡಾಕರ್ ರನ್ --ಆರ್‌ಎಂ -ಪಿ 127.0.0.1:8545:8545 ಇಮೇಜ್ "ಆನ್ವಿಲ್ --ಹೋಸ್ಟ್ 0.0.0.0"

ಇಲ್ಲವಾದರೆ ಎಂಟ್ರಿಪಾಯಿಂಟನ್ನೇ ಆನ್ವಿಲ್ ಅಂತ ಬದಲಿಸಿ. ಕಂಪೋಸ್ ಫೈಲ್‌ನಲ್ಲಿ ಎರಡನೆಯದೇ ಒಳ್ಳೆಯದು, ಮುಂದೆ ನೋಡೋಣ.

ಈ ಸಲ -ಪಿ ಮುಂದೆ 127.0.0.1 ಸೇರಿಸಿದ್ದನ್ನು ಗಮನಿಸಿದಿರಾ? ಇದು ಲ್ಯಾಪ್‌ಟಾಪ್‌ನ "ನಾನು". ಇದನ್ನು ಹಾಕದೆ ಬರೀ 8545:8545 ಅಂತ ಬರೆದರೆ ಡಾಕರ್ ಆ ಪೋರ್ಟನ್ನು ನಿಮ್ಮ ನೆಟ್‌ವರ್ಕ್‌ನಲ್ಲಿರುವ ಎಲ್ಲರಿಗೂ ತೆರೆಯುತ್ತದೆ. ಉಬುಂಟುವಿನಲ್ಲಿ ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿದ್ದೇನಲ್ಲ ಅಂತ ಧೈರ್ಯದಿಂದ ಇರಬೇಡಿ, ಡಾಕರ್ ತಾನೇ ಐಪಿಟೇಬಲ್ಸ್ ನಿಯಮ ಬರೆಯುವುದರಿಂದ ಆ ಫೈರ್‌ವಾಲ್‌ನ ಪಕ್ಕದಿಂದಲೇ ದಾಟಿ ಹೋಗುತ್ತದೆ. ಪಿಜಿಯಲ್ಲಿ, ಕಾಲೇಜಿನಲ್ಲಿ, ಕಾಫಿ ಶಾಪ್‌ನಲ್ಲಿ ಕೂತು ಕೆಲಸ ಮಾಡುವವರು ಇದನ್ನು ಮರೆಯಲೇಬಾರದು. ಲೋಕಲ್ ಚೈನ್‌ನಲ್ಲಿ ಇರುವುದು ಸುಳ್ಳು ಹಣವೇ ಆದರೂ, ಪಕ್ಕದ ಮೇಜಿನವರು ನಿಮ್ಮ ಚೈನ್ ಮೇಲೆ ಟ್ರಾನ್ಸಾಕ್ಷನ್ ಕಳಿಸಿ ನಿಮ್ಮ ಟೆಸ್ಟ್ ಯಾಕೆ ಬೀಳುತ್ತಿದೆ ಅಂತ ನೀವು ತಲೆ ಕೆರೆದುಕೊಳ್ಳುವುದು ಬೇಡ ಅಲ್ವಾ.

ಬದುಕಿದೆಯಾ ಅಂತ ನೋಡುವುದು

ಟರ್ಮಿನಲ್‌ನಿಂದ ವೆಬ್ ವಿನಂತಿ ಕಳಿಸುವ ಕರ್ಲ್‌ನಿಂದ ಪೋಸ್ಟ್ ವಿನಂತಿ ಕಳಿಸಿ ಈಥ್_ಚೈನ್‌ಐಡಿ ಅನ್ನುವ ವಿಧಾನ ಕರೆದರೆ 0x7ಎ69 ಅಂತ ಉತ್ತರ ಬರಬೇಕು. ಅದು ಹದಿನಾರರ ಲೆಕ್ಕದಲ್ಲಿ 31337. ಇಷ್ಟುದ್ದ ಟೈಪ್ ಮಾಡಲು ಬೇಜಾರಾದರೆ ಕಂಟೇನರ್ ಒಳಗಿನ ಕಾಸ್ಟ್ ಬಳಸಿ, "ಕಾಸ್ಟ್ ಚೈನ್-ಐಡಿ" ಅಂದರೆ ಸಾಕು. ಆದರೆ ಅದು ಒಳಗಿನಿಂದ ನೋಡಿದ್ದು, ಹೊರಗಿನ ದಾರಿ ಸರಿ ಇದೆಯಾ ಅಂತ ಹೇಳುವುದು ಕರ್ಲ್ ಮಾತ್ರ.

ಉತ್ತರ ಬಾರದಿದ್ದರೆ ಯಾವ ರೀತಿ ಬರಲಿಲ್ಲ ಅನ್ನುವುದನ್ನು ನೋಡಿ. "ಕನೆಕ್ಷನ್ ರೆಫ್ಯೂಸ್ಡ್" ಬಂದರೆ ಅಲ್ಲಿ ಬಾಗಿಲೇ ಇಲ್ಲ ಅಂತ: -ಪಿ ಮರೆತಿದ್ದೀರಿ, ಇಲ್ಲವೇ ಕಂಟೇನರ್ ಸತ್ತಿದೆ. "ಕನೆಕ್ಷನ್ ರೀಸೆಟ್" ಅಥವಾ "ಎಂಪ್ಟಿ ರಿಪ್ಲೈ" ಬಂದರೆ ಬಾಗಿಲಿದೆ, ತಟ್ಟಿದ್ದೂ ಆಯಿತು, ಒಳಗಿನವರು ಓಗೊಡುತ್ತಿಲ್ಲ. ಅಂದರೆ ಮತ್ತೆ ಆ ಹೋಸ್ಟ್ ವಿಷಯವೇ. ಲಾಗ್‌ನ ಕೊನೆ ಸಾಲಿಗೆ ಹೋಗಿ.

ಕಂಪೋಸ್ ಫೈಲ್

ಈಗ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಕಂಪೋಸ್ ಡಾಟ್ ಯಾಮಲ್ ಅನ್ನುವ ಫೈಲ್ ಮಾಡಿ. ಸರ್ವಿಸಸ್ ಅಡಿಯಲ್ಲಿ ಮೂರು ಸರ್ವಿಸ್: ಚೈನ್, ಡಿಪ್ಲಾಯ್, ವೆಬ್.

ಚೈನ್ ಸರ್ವಿಸ್‌ಗೆ ಇಮೇಜ್ ಮೇಲಿನದೇ. ಎಂಟ್ರಿಪಾಯಿಂಟ್ ಜಾಗದಲ್ಲಿ ಚೌಕ ಆವರಣದೊಳಗೆ "ಆನ್ವಿಲ್". ಕಮ್ಯಾಂಡ್ ಜಾಗದಲ್ಲೂ ಚೌಕ ಆವರಣ, ಒಳಗೆ "--ಹೋಸ್ಟ್", ಅಲ್ಪವಿರಾಮ, "0.0.0.0". ಪೋರ್ಟ್ಸ್ ಅಡಿಯಲ್ಲಿ "127.0.0.1:8545:8545". ಆಮೇಲೆ ಹೆಲ್ತ್‌ಚೆಕ್ (ಚೈನ್ ಮಾತಾಡಲು ತಯಾರಾಯಿತಾ ಅಂತ ಆಗಾಗ ನೋಡುವುದು): ಟೆಸ್ಟ್ ಎದುರು "ಸಿಎಂಡಿ", "ಕಾಸ್ಟ್", "ಚೈನ್-ಐಡಿ" ಅಂತ ಮೂರು ಪದಗಳ ಪಟ್ಟಿ, ಇಂಟರ್ವಲ್ 2 ಸೆಕೆಂಡ್, ರೀಟ್ರೈಸ್ 15. ಇಲ್ಲಿ ಕಾಸ್ಟ್‌ಗೆ ವಿಳಾಸ ಕೊಟ್ಟಿಲ್ಲ, ಕೊಡದಿದ್ದರೆ ಅದು ಲೋಕಲ್‌ಹೋಸ್ಟ್‌ನ 8545 ಅಂತಲೇ ಹಿಡಿಯುತ್ತದೆ. ಹೆಲ್ತ್‌ಚೆಕ್ ಓಡುವುದು ಅದೇ ಕಂಟೇನರ್ ಒಳಗೆ ಆದ್ದರಿಂದ ಈ ಒಂದು ಕಡೆ "ನಾನು" ಸರಿಯಾಗಿ ಕೂತಿದೆ.

ಡಿಪ್ಲಾಯ್ ಸರ್ವಿಸ್‌ಗೂ ಅದೇ ಇಮೇಜ್, ಎಂಟ್ರಿಪಾಯಿಂಟ್ ಮಾತ್ರ "ಫೋರ್ಜ್". ವಾಲ್ಯೂಮ್ಸ್‌ನಲ್ಲಿ ಈಗಿನ ಫೋಲ್ಡರನ್ನು /ಆ್ಯಪ್‌ಗೆ ಕಟ್ಟಿ, ವರ್ಕಿಂಗ್ ಡೈರೆಕ್ಟರಿಯನ್ನೂ /ಆ್ಯಪ್ ಮಾಡಿ. ಲಿನಕ್ಸ್‌ನಲ್ಲಿರುವವರು ಯೂಸರ್ ಎದುರು ತಮ್ಮ ಯೂಸರ್ ನಂಬರ್ ಕೊಡಿ, ಸಾಮಾನ್ಯವಾಗಿ "1000:1000". ಅನುಮಾನ ಇದ್ದರೆ ಟರ್ಮಿನಲ್‌ನಲ್ಲಿ ಐಡಿ ಅಂತ ಹೊಡೆದು ನೋಡಿ. ರೂಟ್ ಆಗಿ ಓಡಿಸಿದರೆ ಔಟ್, ಕ್ಯಾಶ್ ಫೋಲ್ಡರ್‌ಗಳೆಲ್ಲ ರೂಟ್ ಹೆಸರಿಗೆ ನೋಂದಣಿ ಆಗಿ, ನಿಮ್ಮದೇ ಫೋಲ್ಡರನ್ನು ಅಳಿಸಲು ನೀವೇ ಸುಡೋ ಹಾಕಬೇಕಾಗುತ್ತದೆ.

ಹೊಸ ಪ್ರಾಜೆಕ್ಟ್ ಆದರೆ ಮೊದಲು ಒಮ್ಮೆ ಇದನ್ನು ಓಡಿಸಿ:

ಡಾಕರ್ ಕಂಪೋಸ್ ರನ್ --ಆರ್‌ಎಂ --ನೋ-ಡೆಪ್ಸ್ ಡಿಪ್ಲಾಯ್ ಇನಿಟ್ --ಫೋರ್ಸ್ .

ಕೊನೆಯಲ್ಲಿರುವ ಚುಕ್ಕೆಯನ್ನೂ ಬಿಡಬೇಡಿ, ಈ ಫೋಲ್ಡರ್‌ನಲ್ಲೇ ಅಂತ ಅದರ ಅರ್ಥ. ಫೋಲ್ಡರ್‌ನಲ್ಲಿ ಕಂಪೋಸ್ ಫೈಲ್ ಆಗಲೇ ಇರುವುದರಿಂದ --ಫೋರ್ಸ್ ಬೇಕು. ಕೌಂಟರ್ ಅನ್ನುವ ಪುಟ್ಟ ಕಾಂಟ್ರ್ಯಾಕ್ಟ್, ಅದರ ಟೆಸ್ಟ್, ಅದನ್ನು ಡಿಪ್ಲಾಯ್ ಮಾಡುವ ಸ್ಕ್ರಿಪ್ಟ್ ಮೂರೂ ಸಿಗುತ್ತವೆ.

ಈಗ ಡಿಪ್ಲಾಯ್ ಸರ್ವಿಸ್‌ನ ಕಮ್ಯಾಂಡ್. ಹೀಗಿರಲಿ, ಒಂದೊಂದು ಪದವೂ ಪಟ್ಟಿಯ ಒಂದೊಂದು ಐಟಂ:

ಸ್ಕ್ರಿಪ್ಟ್ ಸ್ಕ್ರಿಪ್ಟ್/ಕೌಂಟರ್.ಎಸ್.ಸೋಲ್ --ಆರ್‌ಪಿಸಿ-ಯುಆರ್‌ಎಲ್ ಎಚ್‌ಟಿಟಿಪಿ://ಚೈನ್:8545 --ಬ್ರಾಡ್‌ಕಾಸ್ಟ್ --ಅನ್‌ಲಾಕ್ಡ್ --ಸೆಂಡರ್ ಮೊದಲ ಅಕೌಂಟ್‌ನ ವಿಳಾಸ

ಆರ್‌ಪಿಸಿ ವಿಳಾಸದಲ್ಲಿ (ಚೈನ್ ಜೊತೆ ಮಾತಾಡುವ ವಿಳಾಸದಲ್ಲಿ) ಲೋಕಲ್‌ಹೋಸ್ಟ್ ಇಲ್ಲ, ಚೈನ್ ಅಂತ ಇದೆ. ಕಂಪೋಸ್ ಒಳಗೆ ಒಂದೊಂದು ಸರ್ವಿಸ್‌ನ ಹೆಸರೇ ಅದರ ವಿಳಾಸ. ಇದು ಮನೆಯಲ್ಲಿ ಕರೆಯುವ ಹೆಸರಿದ್ದ ಹಾಗೆ. ಒಳಗೆ "ಪುಟ್ಟಾ" ಅಂದರೆ ಓಡಿ ಬರುತ್ತಾನೆ, ಬಾಗಿಲಲ್ಲಿ ನಿಂತ ಪೋಸ್ಟ್‌ಮ್ಯಾನ್‌ಗೆ ಪುಟ್ಟ ಯಾರು ಅಂತ ಗೊತ್ತಿಲ್ಲ. ಡಿಪ್ಲಾಯ್ ಮನೆಯೊಳಗಿದೆ, ಅದಕ್ಕೆ ಚೈನ್ ಅನ್ನುವ ಹೆಸರು ಸಾಕು. ನಿಮ್ಮ ಬ್ರೌಸರ್ ಬಾಗಿಲಾಚೆ ಇದೆ. ಅದಕ್ಕೆ ಲೋಕಲ್‌ಹೋಸ್ಟ್‌ನ 8545 ಅಂತಲೇ ಹೇಳಬೇಕು.

--ಅನ್‌ಲಾಕ್ಡ್ ಹಾಕಿರುವುದರಿಂದ ಪ್ರೈವೇಟ್ ಕೀ ಎಲ್ಲೂ ಬರೆಯಬೇಕಿಲ್ಲ, ಆನ್ವಿಲ್ ತನ್ನ ಹತ್ತು ಅಕೌಂಟ್‌ಗಳ ಪರವಾಗಿ ತಾನೇ ಸಹಿ ಹಾಕುತ್ತದೆ. ಕೀಯನ್ನು ಕಂಪೋಸ್ ಫೈಲ್‌ನಲ್ಲಿ ಬರೆಯುವ ಅಭ್ಯಾಸವೇ ಬೇಡ. ಇವತ್ತು ಟೆಸ್ಟ್ ಕೀ ಬರೆದ ಕೈ ನಾಳೆ ನಿಜವಾದದ್ದನ್ನೂ ಬರೆದು ಗಿಟ್‌ಗೆ ತಳ್ಳುತ್ತದೆ.

ಇನ್ನು ಡಿಪೆಂಡ್ಸ್_ಆನ್ (ಯಾವುದು ಎದ್ದ ಮೇಲೆ ಇದು ಏಳಬೇಕು ಅನ್ನುವುದು). ಬರೀ ಚೈನ್ ಅಂತ ಬರೆದರೆ ಕಂಟೇನರ್ ಶುರುವಾದ ತಕ್ಷಣ ಡಿಪ್ಲಾಯ್ ಓಡುತ್ತದೆ, ಆನ್ವಿಲ್ ಇನ್ನೂ ಕಣ್ಣುಜ್ಜುತ್ತಿದ್ದರೂ ಕಾಯುವುದಿಲ್ಲ. ಹಾಗಾಗಿ ಕಂಡಿಷನ್ ಎದುರು ಸರ್ವಿಸ್_ಹೆಲ್ತಿ ಅಂತ ಕೊಡಿ. ವೆಬ್ ಸರ್ವಿಸ್‌ನಲ್ಲಿ ಡಿಪ್ಲಾಯ್ ಮೇಲೆ ಅವಲಂಬಿಸಿ, ಅಲ್ಲಿ ಕಂಡಿಷನ್ ಸರ್ವಿಸ್_ಕಂಪ್ಲೀಟೆಡ್_ಸಕ್ಸೆಸ್‌ಫುಲಿ. ಡಿಪ್ಲಾಯ್ ಕೆಲಸ ಮುಗಿಸಿ ಸೊನ್ನೆ ಕೋಡ್‌ನೊಂದಿಗೆ ಹೊರಗೆ ಹೋದ ಮೇಲೆಯೇ ವೆಬ್ ಏಳುತ್ತದೆ.

ವೆಬ್ ಸರ್ವಿಸ್ ನೋಡ್ ಇಮೇಜ್‌ನಲ್ಲಿ ಓಡುವ ವೀಟ್ (ಫ್ರಂಟೆಂಡ್ ಓಡಿಸುವ ಸಾಧನ) ಆ್ಯಪ್ ಅಂದುಕೊಳ್ಳೋಣ. ಪೋರ್ಟ್ 5173. ಇಲ್ಲೂ ಅದೇ ಹಳೇ ಕಥೆ: ವೀಟ್ ಕೂಡ ಡೀಫಾಲ್ಟ್ ಆಗಿ ಲೋಕಲ್‌ಹೋಸ್ಟ್ ಮಾತ್ರ ಕೇಳುತ್ತದೆ, --ಹೋಸ್ಟ್ ಹಾಕಲೇಬೇಕು. ಇನ್ನೊಂದು ಸೂಕ್ಷ್ಮ ಇದೆ. ಫ್ರಂಟೆಂಡ್ ಕೋಡ್ ಕಂಟೇನರ್‌ನಲ್ಲಿ ಇದ್ದರೂ ಅದು ಓಡುವುದು ನಿಮ್ಮ ಬ್ರೌಸರ್‌ನಲ್ಲಿ. ಹಾಗಾಗಿ ಅದರ ಆರ್‌ಪಿಸಿ ವಿಳಾಸ ಲೋಕಲ್‌ಹೋಸ್ಟ್‌ನದ್ದು. ಅದೇ ಪ್ರಾಜೆಕ್ಟ್‌ನಲ್ಲಿ ಒಂದು ಬ್ಯಾಕೆಂಡ್ ಇದ್ದರೆ ಅದು ಕಂಟೇನರ್ ಒಳಗೇ ಓಡುತ್ತದೆ, ಅದರ ವಿಳಾಸ ಚೈನ್. ಸರ್ವರ್ ಸೈಡ್ ರೆಂಡರಿಂಗ್ ಇರುವ ನೆಕ್ಸ್ಟ್ ಜೆಎಸ್ ಥರದವುಗಳಲ್ಲಿ ಒಂದೇ ಕೋಡ್ ಎರಡೂ ಕಡೆ ಓಡುವುದರಿಂದ ಎರಡು ವಿಳಾಸಕ್ಕೂ ಬೇರೆ ಬೇರೆ ಎನ್ವಿರಾನ್‌ಮೆಂಟ್ ವೇರಿಯಬಲ್ ಇಡಿ. ಒಂದರಲ್ಲೇ ಸಾಗಿಸಲು ಹೋದವರು ಯಾರೂ ನೆಮ್ಮದಿಯಾಗಿಲ್ಲ.

ಎಲ್ಲ ಆದ ಮೇಲೆ:

ಡಾಕರ್ ಕಂಪೋಸ್ ಅಪ್ -ಡಿ

ಕಾಂಟ್ರ್ಯಾಕ್ಟ್ ಮುಟ್ಟಿ ನೋಡುವುದು

ಡಿಪ್ಲಾಯ್ ಸರ್ವಿಸ್‌ನ ಲಾಗ್‌ನಲ್ಲಿ ಕಾಂಟ್ರ್ಯಾಕ್ಟ್ ವಿಳಾಸ ಸಿಗುತ್ತದೆ. ಈಗ ಚೈನ್ ಕಂಟೇನರ್ ಒಳಗಿನ ಕಾಸ್ಟ್‌ನಿಂದ ಮಾತಾಡಿಸಿ:

ಡಾಕರ್ ಕಂಪೋಸ್ ಎಕ್ಸೆಕ್ ಚೈನ್ ಕಾಸ್ಟ್ ಸೆಂಡ್ ಕಾಂಟ್ರ್ಯಾಕ್ಟ್‌ವಿಳಾಸ "ಸೆಟ್‌ನಂಬರ್(ಯುಇಂಟ್256)" 42 --ಅನ್‌ಲಾಕ್ಡ್ --ಫ್ರಮ್ ಮೊದಲವಿಳಾಸ

ಡಾಕರ್ ಕಂಪೋಸ್ ಎಕ್ಸೆಕ್ ಚೈನ್ ಕಾಸ್ಟ್ ಕಾಲ್ ಕಾಂಟ್ರ್ಯಾಕ್ಟ್‌ವಿಳಾಸ "ನಂಬರ್()(ಯುಇಂಟ್256)"

42 ವಾಪಸ್ ಬಂತಾ? ಆಯ್ತು, ನಿಮ್ಮದೊಂದು ಚೈನ್ ಇದೆ, ಅದರ ಮೇಲೆ ನಿಮ್ಮದೊಂದು ಕಾಂಟ್ರ್ಯಾಕ್ಟ್ ಇದೆ. ಸೆಂಡ್ ಅಂದರೆ ಬರೆಯುವುದು, ಗ್ಯಾಸ್ (ಟ್ರಾನ್ಸಾಕ್ಷನ್ ಶುಲ್ಕ) ಖರ್ಚಾಗುತ್ತದೆ. ಕಾಲ್ ಅಂದರೆ ಸುಮ್ನೆ ಓದುವುದು.

ಇಲ್ಲೊಂದು ಸ್ವಾರಸ್ಯ. ಹೊಸದಾಗಿ ಎಬ್ಬಿಸಿದ ಆನ್ವಿಲ್ ಮೇಲೆ ಮೊದಲ ಅಕೌಂಟ್‌ನಿಂದ ಮೊದಲ ಕಾಂಟ್ರ್ಯಾಕ್ಟ್ ಹಾಕಿದರೆ ಅದರ ವಿಳಾಸ ಪ್ರತಿ ಸಲವೂ ಒಂದೇ. ನಿಮ್ಮಲ್ಲೂ ಅದೇ, ನನ್ನಲ್ಲೂ ಅದೇ, 0x5ಎಫ್‌ಬಿ ಅಂತ ಶುರುವಾಗುತ್ತದೆ. ಯಾಕೆಂದರೆ ವಿಳಾಸ ಹುಟ್ಟುವುದು ಕಳಿಸಿದವರ ವಿಳಾಸ ಮತ್ತು ಅವರ ನಾನ್ಸ್ (ಈವರೆಗೆ ಎಷ್ಟು ಟ್ರಾನ್ಸಾಕ್ಷನ್ ಕಳಿಸಿದ್ದಾರೆ ಅನ್ನುವ ಲೆಕ್ಕ) ಎರಡರಿಂದಲೇ, ಒಳಗಿನ ಕೋಡ್ ಏನು ಅನ್ನುವುದು ಲೆಕ್ಕಕ್ಕಿಲ್ಲ. ಇದನ್ನು ನಂಬಿಕೊಂಡು ಫ್ರಂಟೆಂಡ್‌ನಲ್ಲಿ ಆ ವಿಳಾಸವನ್ನೇ ಬರೆದುಬಿಡುವವರಿದ್ದಾರೆ. ಪ್ರತಿ ಸಲ ಚೈನ್ ಹೊಸದಾಗಿ ಎಬ್ಬಿಸುತ್ತಿರುವಷ್ಟು ದಿನ ಅದು ನಡೆಯುತ್ತದೆ. ಸ್ಟೇಟ್ (ಚೈನ್‌ನಲ್ಲಿ ಈವರೆಗೆ ಆದದ್ದೆಲ್ಲ) ಉಳಿಸಿಕೊಳ್ಳಲು ಶುರು ಮಾಡಿದ ದಿನ ನಾನ್ಸ್ ಮುಂದೆ ಹೋಗಿರುತ್ತದೆ, ವಿಳಾಸ ಬದಲಾಗುತ್ತದೆ, ಫ್ರಂಟೆಂಡ್ ಹಳೆಯ ಕಾಂಟ್ರ್ಯಾಕ್ಟ್ ಜೊತೆಯೇ ಮಾತಾಡುತ್ತಿರುತ್ತದೆ. ವಿಳಾಸವನ್ನು ಬ್ರಾಡ್‌ಕಾಸ್ಟ್ ಫೋಲ್ಡರ್‌ನಿಂದ ಓದಿಕೊಳ್ಳಿ: ಸ್ಕ್ರಿಪ್ಟ್‌ನ ಹೆಸರು, ಅದರೊಳಗೆ 31337, ಅದರೊಳಗೆ ರನ್-ಲೇಟೆಸ್ಟ್ ಡಾಟ್ ಜೇಸನ್.

ಸ್ಟೇಟ್ ಉಳಿಸಬೇಕಾ?

ನನ್ನ ಅಭಿಪ್ರಾಯ ಕೇಳಿದರೆ, ಬೇಡ. ದಿನವೂ ಹೊಸ ಚೈನ್, ದಿನವೂ ಸ್ಕ್ರಿಪ್ಟ್‌ನಿಂದಲೇ ಡಿಪ್ಲಾಯ್. ಆಗ ಸ್ಕ್ರಿಪ್ಟ್ ಸರಿ ಇದೆಯೋ ಇಲ್ಲವೋ ದಿನವೂ ಗೊತ್ತಾಗುತ್ತದೆ. ಡೆಮೊಗೆ ಅಂತ ಡೇಟಾ ತುಂಬಿ ಇಟ್ಟುಕೊಳ್ಳಬೇಕಾದಾಗ ಮಾತ್ರ ಆನ್ವಿಲ್‌ಗೆ --ಸ್ಟೇಟ್ ಎದುರು /ಡೇಟಾ/ಸ್ಟೇಟ್.ಜೇಸನ್ ಕೊಟ್ಟು, /ಡೇಟಾಗೆ ಒಂದು ಹೆಸರಿರುವ ವಾಲ್ಯೂಮ್ (ಕಂಟೇನರ್ ಅಳಿಸಿದರೂ ಉಳಿಯುವ ಜಾಗ) ಕಟ್ಟಿ. ಶುರುವಾಗುವಾಗ ಓದಿಕೊಳ್ಳುತ್ತದೆ, ನಿಲ್ಲುವಾಗ ಬರೆದಿಡುತ್ತದೆ.

ನಿಲ್ಲುವಾಗ ಬರೆದಿಡುತ್ತದೆ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಡಾಕರ್ ಸ್ಟಾಪ್ ಅಂದಾಗ ಡಾಕರ್ ಒಂದು ಸಿಗ್ನಲ್ ಕಳಿಸಿ 10 ಸೆಕೆಂಡ್ ಕಾಯುತ್ತದೆ, ಆಮೇಲೆ ಕತ್ತು ಹಿಸುಕುತ್ತದೆ. ನಡುವೆ ಶೆಲ್ ಕೂತಿದ್ದು ಸಿಗ್ನಲ್ ದಾಟಿಸದಿದ್ದರೆ ಆನ್ವಿಲ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಹೋದರಂತೂ ಕೇಳುವುದೇ ಬೇಡ. ಹಾಗಾಗಿ --ಸ್ಟೇಟ್-ಇಂಟರ್ವಲ್ 30 ಅಂತಲೂ ಸೇರಿಸಿ, 30 ಸೆಕೆಂಡಿಗೊಮ್ಮೆ ಬರೆದಿಡುತ್ತದೆ. "ಪರ್ಮಿಷನ್ ಡಿನೈಡ್" ಬಂದರೆ ವಾಲ್ಯೂಮ್ ರೂಟ್ ಹೆಸರಿನಲ್ಲಿದೆ, ಇಮೇಜ್ ಬೇರೆ ಯೂಸರ್ ಹೆಸರಿನಲ್ಲಿ ಓಡುತ್ತಿದೆ ಅಂತ. ಚೈನ್ ಸರ್ವಿಸ್‌ಗೆ ಮಾತ್ರ ಯೂಸರ್: ರೂಟ್ ಕೊಡಿ. ಲೋಕಲ್ ಆಟದ ಚೈನ್‌ಗೆ ಅಷ್ಟು ಸಡಿಲ ಸಾಕು.

ವಾಲೆಟ್ ಜೊತೆಗಿನ ಜಗಳ

ಬ್ರೌಸರ್‌ನಲ್ಲಿ ಕೂರುವ ವಾಲೆಟ್ ಮೆಟಾಮಾಸ್ಕ್‌ನಲ್ಲಿ ಹೊಸ ನೆಟ್‌ವರ್ಕ್ ಸೇರಿಸಿ. ಚೈನ್ ಐಡಿ 31337 ಅಂತಲೇ ಕೊಡಿ, 1337 ಅಲ್ಲ. ಅದು ಗನಾಶ್ ಕಾಲದ್ದು.

ಆಮೇಲೆ ಖಂಡಿತ ಆಗುವ ಒಂದು ತೊಂದರೆ. ಚೈನ್ ಅಳಿಸಿ ಮತ್ತೆ ಎಬ್ಬಿಸುತ್ತೀರಿ, ಚೈನ್ ಪ್ರಕಾರ ನಿಮ್ಮ ನಾನ್ಸ್ ಸೊನ್ನೆ. ಮೆಟಾಮಾಸ್ಕ್ ಮಾತ್ರ ಹಳೆಯ ಲೆಕ್ಕ ನೆನಪಿಟ್ಟುಕೊಂಡು ನಾನ್ಸ್ 7 ಅಂತ ಟ್ರಾನ್ಸಾಕ್ಷನ್ ಕಳಿಸುತ್ತದೆ. ಅದು ಪೆಂಡಿಂಗ್‌ನಲ್ಲೇ ಕೂರುತ್ತದೆ, ಯಾಕೆಂದರೆ ಸೊನ್ನೆಯಿಂದ ಆರರವರೆಗಿನವು ಬಂದೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಆಕ್ಟಿವಿಟಿ ಡೇಟಾ ಕ್ಲಿಯರ್ ಮಾಡಿ. ಅಕೌಂಟ್ ಹೋಗುವುದಿಲ್ಲ, ಹೆದರಬೇಡಿ.

ಹೆದರಬೇಕಾದ್ದು ಬೇರೆ ಇದೆ. ಆನ್ವಿಲ್ ಕೊಡುವ ಹತ್ತು ಕೀಗಳು ಲೋಕಕ್ಕೆಲ್ಲ ಗೊತ್ತಿರುವ ಒಂದೇ ಬೀಜವಾಕ್ಯದಿಂದ (ಸೀಡ್ ಫ್ರೇಸ್‌ನಿಂದ) ಬಂದವು: "ಟೆಸ್ಟ್" ಅನ್ನುವ ಪದ ಹನ್ನೊಂದು ಸಲ, ಕೊನೆಗೆ "ಜಂಕ್". ಹಾರ್ಡ್‌ಹ್ಯಾಟ್ ಕೂಡ ಅದನ್ನೇ ಬಳಸುತ್ತದೆ. ಆ ವಿಳಾಸಗಳಿಗೆ ಮೇನ್‌ನೆಟ್‌ನಲ್ಲಿ (ಅಸಲಿ ಈಥೀರಿಯಂನಲ್ಲಿ) ನಿಜವಾದ ಈಥರ್ ಹೋದರೆ ಕಾದು ಕೂತ ಬಾಟ್‌ಗಳು ಕ್ಷಣದಲ್ಲಿ ಗುಡಿಸಿಕೊಂಡು ಹೋಗುತ್ತವೆ. ಲೋಕಲ್ ಕೆಲಸಕ್ಕೆ ಬ್ರೌಸರ್‌ನಲ್ಲಿ ಬೇರೆಯೇ ಪ್ರೊಫೈಲ್ ಮಾಡಿ, ಅದರಲ್ಲಿ ಬೇರೆ ಮೆಟಾಮಾಸ್ಕ್ ಹಾಕಿ. ನಿಮ್ಮ ದುಡ್ಡಿರುವ ವಾಲೆಟ್ ಆ ಪ್ರೊಫೈಲ್‌ಗೆ ಬರಲೇಬಾರದು.

ಸಮಯ ಮತ್ತು ಫೋರ್ಕ್

ಆನ್ವಿಲ್ ಟ್ರಾನ್ಸಾಕ್ಷನ್ ಬಂದ ಕೂಡಲೇ ಬ್ಲಾಕ್ ಮಾಡಿಬಿಡುತ್ತದೆ. ಅಭಿವೃದ್ಧಿಗೆ ಇದು ಸ್ವರ್ಗ. ಆದರೆ ನಿಜವಾದ ಈಥೀರಿಯಂನಲ್ಲಿ 12 ಸೆಕೆಂಡಿಗೊಂದು ಸ್ಲಾಟ್ (ಬ್ಲಾಕ್ ಸೇರುವ ಸರದಿ). ನಿಮ್ಮ ಆ್ಯಪ್‌ನ "ದಯವಿಟ್ಟು ಕಾಯಿರಿ" ಪರದೆಯನ್ನು ನೀವು ಒಮ್ಮೆಯೂ ನೋಡದೆ ಬಿಡುಗಡೆ ಮಾಡಿಬಿಡುವ ಸಾಧ್ಯತೆ ಇದೆ, ನಾನು ಮಾಡಿದ್ದೇನೆ, ಬಟನ್ ಮೂರು ಸಲ ಒತ್ತಿದವರಿಗೆ ಮೂರು ಸಲ ಟೋಕನ್ ಮಿಂಟ್ ಆಯಿತು. ಬಿಡುಗಡೆಗೆ ಮುಂಚೆ ಎರಡು ದಿನವಾದರೂ --ಬ್ಲಾಕ್-ಟೈಮ್ 12 ಹಾಕಿ ಓಡಿಸಿ. ಮೂವತ್ತು ದಿನ ಲಾಕ್ ಇರುವ ಕಾಂಟ್ರ್ಯಾಕ್ಟ್ ಪರೀಕ್ಷಿಸಬೇಕಾದರೆ ಇವಿಎಂ_ಇನ್‌ಕ್ರೀಸ್‌ಟೈಮ್ ಕರೆದು ಸೆಕೆಂಡ್‌ಗಳನ್ನು ಕೊಡಿ (30 ದಿನಕ್ಕೆ 25,92,000), ಆಮೇಲೆ ಒಂದು ಬ್ಲಾಕ್ ಮೈನ್ ಮಾಡಿ. ಆ ಮೈನ್ ಮರೆತರೆ ಗಡಿಯಾರ ಮುಂದೆ ಹೋದದ್ದು ಕಾಂಟ್ರ್ಯಾಕ್ಟ್‌ಗೆ ಕಾಣದೇ ಇರಬಹುದು.

ಮೇನ್‌ನೆಟ್‌ನಲ್ಲಿರುವ ಯೂನಿಸ್ವಾಪ್‌ನಂಥ (ಟೋಕನ್ ವಿನಿಮಯದ) ಕಾಂಟ್ರ್ಯಾಕ್ಟ್‌ಗಳ ಜೊತೆ ಆಡಬೇಕಾದರೆ ಫೋರ್ಕ್ ಮಾಡಬೇಕು, ಅಂದರೆ ಮೇನ್‌ನೆಟ್‌ನ ನಕಲಿನ ಮೇಲೆ ಓಡಿಸಬೇಕು: --ಫೋರ್ಕ್-ಯುಆರ್‌ಎಲ್ ಕೊಟ್ಟು ಯಾವುದಾದರೂ ಆರ್‌ಪಿಸಿ ವಿಳಾಸ ಹಾಕಿ. ಜೊತೆಗೆ --ಫೋರ್ಕ್-ಬ್ಲಾಕ್-ನಂಬರ್ ಕಡ್ಡಾಯ ಅಂದುಕೊಳ್ಳಿ, ಇಲ್ಲದಿದ್ದರೆ ಬೆಳಗ್ಗೆ ಪಾಸಾದ ಟೆಸ್ಟ್ ಸಂಜೆ ಬೀಳುತ್ತದೆ. ಎಚ್ಚರ ಒಂದೇ. ಫೋರ್ಕ್ ಮಾಡಿದಾಗ ಚೈನ್ ಐಡಿ ಕೂಡ ಮೇನ್‌ನೆಟ್‌ನ 1 ಆಗಿಬಿಡುತ್ತದೆ. ನಿಮ್ಮ ನಿಜವಾದ ಕೀಯಿಂದ ಅದಕ್ಕೆ ಸಹಿ ಹಾಕಿದರೆ ಆ ಸಹಿ ನಿಜವಾದ ಮೇನ್‌ನೆಟ್‌ನಲ್ಲೂ ಚಲಾವಣೆ ಆಗುವಂಥದ್ದು. --ಚೈನ್-ಐಡಿ 31337 ಅಂತ ಬಲವಂತವಾಗಿ ಹೇಳಿ.

ಬ್ಲಾಕ್‌ಗಳನ್ನು ಕಣ್ಣಿಗೆ ಕಾಣುವ ಹಾಗೆ ನೋಡಬೇಕೆಂದರೆ ಆಟರ್‌ಸ್ಕ್ಯಾನ್ ಅನ್ನುವ ಎಕ್ಸ್‌ಪ್ಲೋರರ್‌ನ ಕಂಟೇನರನ್ನೂ ಸೇರಿಸಿ, 5100:80 ಪೋರ್ಟ್‌ಗೆ. ಅದರ ಎರಿಗಾನ್_ಯುಆರ್‌ಎಲ್ ವೇರಿಯಬಲ್‌ಗೆ ಯಾವ ವಿಳಾಸ ಕೊಡಬೇಕು, ಚೈನ್‌ನದ್ದಾ, ಲೋಕಲ್‌ಹೋಸ್ಟ್‌ನದ್ದಾ? ಆಟರ್‌ಸ್ಕ್ಯಾನ್ ಓಡುವುದು ಬ್ರೌಸರ್‌ನಲ್ಲಿ. ಉತ್ತರ ಈಗ ನಿಮಗೇ ಗೊತ್ತು.

ಹೊರಡುವ ಮುಂಚೆ

ಹ್ಯಾಕಥಾನ್‌ಗೆ ಹೋಗುವವರು ಮನೆಯಲ್ಲೇ ಎಲ್ಲ ಇಮೇಜ್‌ಗಳನ್ನೂ ಎಳೆದಿಟ್ಟುಕೊಳ್ಳಿ. ಡಿಪ್ಲಾಯ್ ಒಮ್ಮೆ ಓಡಿಸಿದರೆ ಸಾಲಿಡಿಟಿ ಕಂಪೈಲರ್ ಬರುತ್ತದೆ ನಿಜ, ಆದರೆ ಅದು ಕಂಟೇನರ್ ಜೊತೆಯೇ ಅಳಿಸಿ ಹೋಗುತ್ತದೆ. ಅದು ಇಳಿಯುವ ಜಾಗಕ್ಕೂ ಒಂದು ವಾಲ್ಯೂಮ್ ಕಟ್ಟಿ, ಇಲ್ಲದಿದ್ದರೆ ಪ್ರತಿ ಸಲ ಡೌನ್‌ಲೋಡ್. ನೂರಾರು ಜನ ಒಂದೇ ವೈಫೈಗೆ ನೇತಾಡುತ್ತಿರುವಾಗ ಇದು ಸಣ್ಣ ವಿಷಯ ಅಲ್ಲ. ತಂಡದವರಿಗೆ ಡಾಕರ್ ಸೇವ್ -ಓ ಮಾಡಿ ಪೆನ್‌ಡ್ರೈವ್‌ನಲ್ಲಿ ಕೊಡಿ, ಅವರು ಡಾಕರ್ ಲೋಡ್ -ಐ ಮಾಡಿಕೊಳ್ಳಲಿ. ಇಂಟೆಲ್ ಲ್ಯಾಪ್‌ಟಾಪ್‌ನಿಂದ ತೆಗೆದದ್ದನ್ನು ಎಂ ಸರಣಿಯ ಮ್ಯಾಕ್‌ಗೆ ಕೊಡಬೇಡಿ, ಪ್ರೊಸೆಸರ್ ಬೇರೆ.

ದಿನದ ಕೊನೆಗೆ ಡಾಕರ್ ಕಂಪೋಸ್ ಡೌನ್. ಇದು ಕಂಟೇನರ್ ಮತ್ತು ನೆಟ್‌ವರ್ಕ್ ತೆಗೆಯುತ್ತದೆ, ಹೆಸರಿರುವ ವಾಲ್ಯೂಮ್ ಹಾಗೇ ಇರುತ್ತದೆ. -ವಿ ಸೇರಿಸಿದರೆ ವಾಲ್ಯೂಮ್ ಕೂಡ ಹೋಗುತ್ತದೆ. ಡೆಮೊ ಹಿಂದಿನ ರಾತ್ರಿ ಎರಡು ಗಂಟೆ ಕೂತು ಡೇಟಾ ತುಂಬಿ, ಮಲಗುವ ಮುಂಚೆ ಅಭ್ಯಾಸಬಲದಿಂದ -ವಿ ಹೊಡೆದವನ ಅನುಭವದಿಂದ ಹೇಳುತ್ತಿದ್ದೇನೆ: ಆ ಸ್ಟೇಟ್.ಜೇಸನ್ ಫೈಲ್‌ನ ಒಂದು ನಕಲು ಹೊರಗೆ ಎಲ್ಲಾದರೂ ಇಟ್ಟಿರಿ. ಡಾಕರ್ ಕಂಪೋಸ್ ಸಿಪಿ ಚೈನ್:/ಡೇಟಾ/ಸ್ಟೇಟ್.ಜೇಸನ್ ಅಂತ ಬರೆದು, ಸ್ಪೇಸ್ ಬಿಟ್ಟು ಒಂದು ಚುಕ್ಕೆ ಹಾಕಿ. ಹತ್ತು ಸೆಕೆಂಡಿನ ಕೆಲಸ.